ಮಲೆನಾಡಿನ ಹಳ್ಳಿಯಿಂದ ಉಚಿತ ಆನ್‌ಲೈನ್ ಕೋರ್ಸ್ ಮುಗಿಸುವ ಬಗೆ

ಐಐಟಿಗಳ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆಗಾಗಿ ಮಾಡಿದ ಪಾಠಗಳನ್ನು ಹೊಸನಗರದ ಹಳ್ಳಿಯಲ್ಲಿ ಕುಳಿತವರೂ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಕಲಿಕಾ ಜಾಲತಾಣದಲ್ಲಿ ಶುಲ್ಕವಿಲ್ಲದೆ ಕೇಳಬಹುದು. ಆದರೆ ಸೇರುವುದು ಎಷ್ಟು ಸುಲಭವೋ ನಡುವೆ ಕೈಬಿಡುವುದೂ ಅಷ್ಟೇ ಸುಲಭ. 2012ರಲ್ಲಿ ಅಮೆರಿಕದ ಎಂಐಟಿ ನಡೆಸಿದ ಎಲೆಕ್ಟ್ರಾನಿಕ್ಸ್ ಕೋರ್ಸಿಗೆ ಸುಮಾರು 1,55,000 ಮಂದಿ ಹೆಸರು ಕೊಟ್ಟಿದ್ದರು. ಪ್ರಮಾಣಪತ್ರ ಪಡೆದವರು ಏಳು ಸಾವಿರದಷ್ಟು ಮಾತ್ರ.

ಆದ್ದರಿಂದ ವಿಷಯದಷ್ಟೇ ಎಚ್ಚರದಿಂದ ಕಾಲವನ್ನೂ ಆರಿಸಿಕೊಳ್ಳಬೇಕು. ಸ್ವಯಂ ಸೆಮಿಸ್ಟರ್‌ಗಳು ಜನವರಿ ಮತ್ತು ಜುಲೈಯಲ್ಲಿ ಆರಂಭವಾಗುತ್ತವೆ. ಜುಲೈ ಎಂದರೆ ನಮ್ಮಲ್ಲಿ ಮರ ಬಿದ್ದು ತಂತಿ ಹರಿಯುವ, ವಿದ್ಯುತ್ತಿನ ಹಿಂದೆಯೇ ಮೊಬೈಲ್ ಟವರೂ ನಿಲ್ಲುವ, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕಾಲ. ಕೊನೆಕೊಯ್ಲಿನ ಕೆಲಸ ತುಸು ಉಳಿದಿದ್ದರೂ ಮೊದಲ ಕೋರ್ಸಿಗೆ ಜನವರಿಯೇ ಲೇಸೆಂಬುದು ನನ್ನ ಅಭಿಪ್ರಾಯ. ಜುಲೈಯಲ್ಲೇ ಸೇರಬೇಕಾದವರು ಹನ್ನೆರಡು ವಾರದ ಕೋರ್ಸನ್ನು ಬಿಟ್ಟು ನಾಲ್ಕು ಅಥವಾ ಎಂಟು ವಾರದ್ದನ್ನು, ಅದರಲ್ಲೂ ಒಂದನ್ನೇ, ಆರಿಸಿಕೊಳ್ಳಲಿ.

ಪೇಟೆಗೆ ಹೋದ ದಿನ ಒಳ್ಳೆಯ ನೆಟ್‌ವರ್ಕ್ ಸಿಕ್ಕಲ್ಲಿ ಆ ವಾರದ ವಿಡಿಯೋಗಳನ್ನೂ ಪಾಠದ ಬರಹರೂಪವನ್ನೂ ಫೋನಿಗೆ ಇಳಿಸಿಕೊಳ್ಳಿ. ಬರಹರೂಪ ಏಕೆ ಬೇಕೆಂಬುದು ತಗಡಿನ ಮಾಡಿನ ಕೆಳಗೆ ಪಾಠ ಕೇಳಿದವರಿಗೆ ಗೊತ್ತು: ಮಳೆ ಜೋರಾದರೆ ಇಯರ್‌ಫೋನ್ ಹಾಕಿಕೊಂಡರೂ ಪ್ರಾಧ್ಯಾಪಕರ ಮಾತು ಕೇಳಿಸುವುದಿಲ್ಲ, ಆಗ ಓದಿಕೊಂಡೇ ಮುಂದೆ ಸಾಗಬೇಕು. ಕೆಲವು ಕೋರ್ಸುಗಳ ಬರಹ ಕನ್ನಡದಲ್ಲೂ ದೊರೆಯುತ್ತದೆ. ಇಂಗ್ಲಿಷ್ ವೇಗವೆನಿಸಿದರೆ ವಿಡಿಯೋದ ಗತಿ ತಗ್ಗಿಸಬಹುದು. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನು ಫೋನ್ ಬದಿಗಿಟ್ಟು ನೋಟ್‌ಬುಕ್ಕಿನಲ್ಲಿ ಮತ್ತೆ ಬಿಡಿಸಿ ನೋಡಿ. ಕೇಳಿದ್ದು ಎಷ್ಟು ತಲೆಗೆ ಹೋಯಿತೆಂಬುದು ಅಲ್ಲೇ ತಿಳಿಯುತ್ತದೆ.

ಎರಡು ವಾರ ತಪ್ಪಿದೊಡನೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎನ್‌ಪಿಟಿಇಎಲ್‌ನ ಹನ್ನೆರಡು ವಾರದ ಕೋರ್ಸಿನಲ್ಲಿ ಸಾಮಾನ್ಯವಾಗಿ ವಾರಕ್ಕೊಂದರಂತೆ ಕೊಡುವ ಹನ್ನೆರಡರಲ್ಲಿ ಅತ್ಯುತ್ತಮವಾದ ಎಂಟು ಅಸೈನ್‌ಮೆಂಟ್‌ಗಳ ಸರಾಸರಿಯನ್ನೇ ಪರಿಗಣಿಸುತ್ತಾರೆ. ಅಂದರೆ ನಾಲ್ಕು ವಾರ ಮಳೆಗೆ ಹೋದರೂ ದಾರಿ ಮುಚ್ಚುವುದಿಲ್ಲ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಪ್ರಮಾಣಪತ್ರ ದೊರೆಯುತ್ತದೆ. ಕೊನೆಯ ರಾತ್ರಿಗೆ ಕಾಯದೆ ಎರಡು ದಿನ ಮೊದಲೇ ಉತ್ತರ ಸಲ್ಲಿಸಿ.

ಕಾಲೇಜಿನ ಪದವಿಗೆ ಲೆಕ್ಕಕ್ಕೆ ಬರುವ ಕ್ರೆಡಿಟ್‌ಗಾಗಿ ಕಲಿಯುವವರಿಗೆ ಇನ್ನೊಂದು ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮವು ಒಂದು ಸೆಮಿಸ್ಟರಿನ ಶೇಕಡ 40ರವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕ ಕಲಿಯಲು ಅವಕಾಶ ಕೊಟ್ಟಿದೆ. ಆದರೂ ನೀವು ಆರಿಸಿದ ಕೋರ್ಸನ್ನು ನಿಮ್ಮ ವಿಭಾಗ ಒಪ್ಪುವುದೇ ಎಂಬುದನ್ನು ಸೇರುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಪಾಠ ಉಚಿತವಾದರೂ ಪರೀಕ್ಷೆಗೆ ಬೇರೆಯಾಗಿ ನೋಂದಾಯಿಸಿ ಶುಲ್ಕ ಕಟ್ಟಬೇಕು, ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ಬೆಳಗಿನ ಮೊದಲ ಬಸ್ಸನ್ನು ನಂಬದೆ ಹಿಂದಿನ ಸಂಜೆಯೇ ಪೇಟೆಯ ನೆಂಟರ ಮನೆ ಸೇರಿಕೊಳ್ಳಿ. ಹಾಲ್ ಟಿಕೆಟ್ ಮತ್ತು ಮೂಲ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ನೆನೆಯದಂತೆ ಇಟ್ಟುಕೊಳ್ಳಿ.