ಪೂಜೆ ಸಾಮಾನು ಬೆಳಗೋಕೆ ಹುಣಸೆಹಣ್ಣು ಸರಿ, ಆದ್ರೆ ಎಲ್ಲದಕ್ಕೂ ಅಲ್ಲ

ವರಮಹಾಲಕ್ಷ್ಮಿ, ದೀಪಾವಳಿ ಹತ್ರ ಬಂತು ಅಂದ್ರೆ ವಾಟ್ಸಾಪ್ ತುಂಬಾ ಅದೇ ವಿಡಿಯೋಗಳು. ನಿಂಬೆಹಣ್ಣು, ಅಡುಗೆ ಸೋಡಾ, ವಿನಿಗರ್ ಎಲ್ಲಾ ಒಂದೇ ಬಟ್ಟಲಿಗೆ ಸುರಿದು ಬುಸ್ಸಂತ ನೊರೆ ಬರಿಸ್ತಾರೆ. ನೊರೆ ನೋಡೋಕೆ ಚೆಂದ ಅಷ್ಟೇ ಕಣ್ರೀ, ಹುಳಿಗೆ ಸೋಡಾ ಸೇರಿಸಿದ್ರೆ ಎರಡರ ಶಕ್ತಿನೂ ಅಲ್ಲಿಗೇ ಮುಗೀತು. ಯಾವ ಲೋಹಕ್ಕೆ ಏನು ಅಂತ ಗೊತ್ತಿದ್ರೆ ಸಾಕು: ಹಿತ್ತಾಳೆ, ತಾಮ್ರ, ಕಂಚಿಗೆ ಹುಳಿ, ಬೆಳ್ಳಿಗೆ ಸೋಡಾ, ಅಲ್ಯೂಮಿನಿಯಂಗೆ ಸೋಡಾ ಬೇಡ್ವೇ ಬೇಡ.

ಹಿತ್ತಾಳೆ ದೀಪದಿಂದ ಶುರು ಮಾಡೋಣ, ಯಾಕಂದ್ರೆ ಜಾಸ್ತಿ ಕೈನೋವು ಅದರದ್ದೇ. ನೇರ ಹುಣಸೆಹಣ್ಣು ಹಚ್ಚಬೇಡಿ, ಎಣ್ಣೆ ಜಿಡ್ಡಿನ ಮೇಲೆ ಹುಳಿ ಎಷ್ಟು ತಿಕ್ಕಿದ್ರೂ ಕೆಳಗಿನ ಕಪ್ಪಿಗೆ ಅದು ತಾಗೋದೇ ಇಲ್ಲ. ಮೊದಲು ಬಿಸಿನೀರಲ್ಲಿ ನೆನೆಹಾಕಿ, ಸೀಗೆಪುಡಿನೋ ಕಡಲೆಹಿಟ್ಟೋ ಹಾಕಿ ಜಿಡ್ಡು ತೆಗೀರಿ, ಬತ್ತಿ ಇಡೋ ಮೂಲೇಲಿ ಕರಕಲು ಕೂತಿದ್ರೆ ಹಳೇ ಟೂತ್‌ಬ್ರಷ್ ತಗೊಳ್ಳಿ. ಆಮೇಲೆ ನಿಂಬೆ ಗಾತ್ರದ ಹುಣಸೆಹಣ್ಣು ಸ್ವಲ್ಪೇ ಸ್ವಲ್ಪ ಬಿಸಿನೀರಲ್ಲಿ ಗಟ್ಟಿಯಾಗಿ ಕಿವುಚಿ, ಒಂದು ಚಮಚ ಉಪ್ಪು ಸೇರಿಸಿ ಹಚ್ಚಿ. ಹೊಸ ಹಣ್ಣೇ ಆಗ್ಬೇಕು ಅಂತಿಲ್ಲ, ಸಾರಿಗೆ ಕಿವುಚಿ ಉಳಿದ ನಾರು ಫ್ರಿಜ್ಜಲ್ಲಿ ಎತ್ತಿಟ್ಕೊಂಡ್ರೆ ಅದೇ ಹಣ್ಣೂ ಅದೇ ಬ್ರಷ್ಷೂ. ಹುಣಸೆಯಲ್ಲಿರೋ ಟಾರ್ಟಾರಿಕ್ ಆಮ್ಲ ಆ ಕಪ್ಪು ಪದರವನ್ನ ಕರಗಿಸುತ್ತೆ, ಉಪ್ಪು ಅದಕ್ಕೆ ಚುರುಕು ಕೊಡುತ್ತೆ. ಹಸಿರು ಕಿಲುಬು ಹಿಡಿದಿದ್ರೂ ಇದೇ ಮದ್ದು, ಎರಡು ಸಲ ಮಾಡ್ಬೇಕಾಗ್ಬಹುದು. ಹುಣಸೆ ಇಲ್ಲಾಂದ್ರೆ ನಿಂಬೆ ಹೋಳನ್ನ ಉಪ್ಪಲ್ಲಿ ಅದ್ದಿ ಉಜ್ಜಿ, ಹುಳಿ ಮಜ್ಜಿಗೆನೂ ನಡೆಯುತ್ತೆ.

ಐದು ಹತ್ತು ನಿಮಿಷ ಸಾಕು. ರಾತ್ರಿಯಿಡೀ ನೆನೆಸಿಟ್ರೆ ಇನ್ನೂ ಹೊಳೆಯುತ್ತೆ ಅನ್ಕೋಬೇಡಿ, ಹಿತ್ತಾಳೆ ಅಂದ್ರೆ ತಾಮ್ರ ಸತುವಿನ ಮಿಶ್ರಣ, ಹುಳಿಯಲ್ಲಿ ತುಂಬ ಹೊತ್ತು ಬಿದ್ದಿದ್ರೆ ಸತು ಹೊರಟುಹೋಗಿ ದೀಪ ಅಲ್ಲಲ್ಲಿ ಕೆಂಪಕೆಂಪಗೆ ಕಾಣುತ್ತೆ. ತೊಳೆದ ಮೇಲೆ ಹುಳಿ ಒಂಚೂರೂ ಉಳೀಬಾರ್ದು, ನೀರು ತಾನಾಗೇ ಆರಲಿ ಅಂತ ಬೋರಲು ಹಾಕೋದೂ ಬೇಡ, ತಕ್ಷಣ ಹಳೇ ಕಾಟನ್ ಪಂಚೆಯಲ್ಲಿ ಒರೆಸಿ ಬಿಸಿಲಿಗಿಡಿ. ಮರುದಿನಾನೇ ಕಪ್ಪಾಯ್ತು ಅನ್ನೋರ ಮನೇಲಿ ಮುಕ್ಕಾಲು ಪಾಲು ಒರೆಸೋದು ಬಿಟ್ಟುಹೋಗಿರುತ್ತೆ. ಕೊನೆಗೆ ಒಣ ವಿಭೂತಿ ಹಾಕಿ ಬಟ್ಟೇಲಿ ಉಜ್ಜಿದ್ರೆ ಹೊಳಪು ಬರುತ್ತೆ. ರಂಗೋಲಿ ಪುಡಿ ನಂಗಿಷ್ಟ ಇಲ್ಲ, ಅದು ಕಲ್ಲಿನ ಪುಡಿ, ಗೀರು ಬೀಳುತ್ತೆ.

ಶೋಕೇಸಿನ ಹಿತ್ತಾಳೆ ಗೊಂಬೆಗಳ ಮೇಲೆ ಲ್ಯಾಕರ್, ಅಂದ್ರೆ ವಾರ್ನಿಷ್ ಥರದ ತೆಳು ಲೇಪ, ಇದ್ರೆ ಒದ್ದೆ ಬಟ್ಟೆ ಸಾಕು. ಒಳಗೆ ಕಲಾಯಿ ಹಾಕ್ಸಿರೋ ಪಾತ್ರೆಗೆ ಹುಣಸೆಹಣ್ಣು ಹೊರಗಡೆ ಮಾತ್ರ.

ಈಗ ಬೆಳ್ಳಿ. ಇದರ ಕಪ್ಪು ಬೇರೆ ಜಾತಿ, ಗಾಳಿಯಲ್ಲಿರೋ ಗಂಧಕದ ಅಂಶ ಸೇರಿ ಆಗೋದು, ಹಾಗಾಗಿ ಹುಣಸೆ ಇಲ್ಲಿ ಅಷ್ಟು ಕೆಲ್ಸ ಮಾಡಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಸಾಮಾನು ಫಾಯಿಲ್‌ಗೆ ತಾಗೋ ಹಾಗೆ ಇಟ್ಟು, ಒಂದು ಲೀಟರ್ ಚೆನ್ನಾಗಿ ಕಾದ ನೀರಿಗೆ ಎರಡು ದೊಡ್ಡ ಚಮಚ ಸೋಡಾ ಕಲಸಿ ಸುರೀರಿ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಬರಿ ಬೇಡ, ಬೆಳ್ಳಿ ಬಿಟ್ಟ ಗಂಧಕ ಅದು, ಅದನ್ನ ಫಾಯಿಲ್ ಎಳ್ಕೊಳ್ತಾ ಇದೆ ಅಂತ ಅರ್ಥ. ಉಜ್ಜೋ ಕೆಲ್ಸಾನೇ ಇಲ್ಲದಿರೋದ್ರಿಂದ ಬೆಳ್ಳಿ ಸವೆಯೋದೂ ಇಲ್ಲ, ಟೂತ್‌ಪೇಸ್ಟ್‌ಗಿಂತ ಸಾವಿರ ಪಾಲು ವಾಸಿ. ಮುತ್ತು, ಹರಳು ಇರೋ ಒಡವೆ ಮತ್ತೆ ಬೇಕಂತಲೇ ಕಪ್ಪು ಮಾಡಿರೋ ಆಕ್ಸಿಡೈಸ್ಡ್ ಒಡವೆ ಮಾತ್ರ ಹಾಕ್ಬೇಡಿ. ಜರ್ಮನ್ ಸಿಲ್ವರ್‌ಗೂ ಇದು ಬೇಡ, ಅದರಲ್ಲಿ ಬೆಳ್ಳಿನೇ ಇಲ್ಲ, ತಾಮ್ರ ನಿಕಲ್ ಸತು ಅಷ್ಟೇ. ಎತ್ತಿಡೋವಾಗ ರಬ್ಬರ್ ಬ್ಯಾಂಡ್ ಸುತ್ತಬೇಡಿ, ರಬ್ಬರಲ್ಲೂ ಗಂಧಕ ಇರುತ್ತೆ, ಸುತ್ತಿದ ಜಾಗದಲ್ಲಿ ಕಪ್ಪು ಗೆರೆ ಮೂಡುತ್ತೆ.

ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾಗಿದ್ರೆ ಹಿಂಡಿದ ನಿಂಬೆ ಸಿಪ್ಪೆ ಹಾಕಿ ಹತ್ತು ನಿಮಿಷ ನೀರು ಕುದಿಸಿ ಸಾಕು. ಸೋಡಾ ಹಾಕಿದ್ರೆ ಇನ್ನೂ ಕಪ್ಪಾಗುತ್ತೆ. ಇಡ್ಲಿ ಬೇಯಿಸೋವಾಗ ತಳದ ನೀರಿಗೆ ಒಂಚೂರು ಹುಣಸೆಹಣ್ಣು ಹಾಕೋ ಅಭ್ಯಾಸ ಇದಕ್ಕೇ ಬಂದಿದ್ದು.

ಕಬ್ಬಿಣದ ಕಾವಲಿಗೆ ತುಕ್ಕು ಬಂದಿದ್ರೆ ಕಲ್ಲುಪ್ಪು, ನಿಂಬೆ ಹೋಳಲ್ಲಿ ತಿಕ್ಕಿ ತೊಳೆದು, ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ ಎಣ್ಣೆ ಸವರಿ. ಚೆನ್ನಾಗಿ ಎಣ್ಣೆ ಕುಡಿದು ಪಳಗಿರೋ ದೋಸೆ ಕಾವಲಿಗೆ ಮಾತ್ರ ಹುಳಿ ಮುಟ್ಟಿಸಬೇಡಿ, ಪದರ ಕಿತ್ತು ಬಂದು ದೋಸೆ ಏಳಲ್ಲ.

ಬೋರ್‌ವೆಲ್ ನೀರಿನ ಬಿಳಿ ಕಲೆ ಕೂತಿರೋ ನಲ್ಲಿಗೆ ವಿನಿಗರ್‌ನಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ರೆ ಉದುರುತ್ತೆ, ಆದ್ರೆ ಕೆಳಗೆ ಮಾರ್ಬಲ್ ಇದ್ರೆ ಮೊದ್ಲು ಒಂದು ತಟ್ಟೆ ಇಡಿ, ಹುಳಿ ತೊಟ್ಟಿಕ್ಕಿದ ಕಡೆ ಅದರ ಪಾಲಿಶ್ ಹೋಗಿಬಿಡುತ್ತೆ.