ಕಕ್ಕಬ್ಬೆಯ ಮಳೆಗೆ ಒಗ್ಗುವ ಕ್ಯಾಮೆರಾ ಹುಡುಕಿದ್ದು

ಮೊಬೈಲ್ ಟಾರ್ಚ್ ಹಾಕಿ ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟೆ. ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯ ಹಾಗೆ ಸಣ್ಣ ಬಿಳಿ ಎಳೆಗಳು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಹೋಗುವುದಾದರೂ ಹೇಗೆ, ಅದು ಬೆಳೆದಿದ್ದು ಗಾಜಿನ ಒಳಗೆ. ಫಂಗಸ್. ನಮ್ಮ ಭಾಷೆಯಲ್ಲಿ ಬೂಷ್ಟು.

ಅದು ನನ್ನ ಮೊದಲ ಕ್ಯಾಮೆರಾದ ಲೆನ್ಸು. ಕರಿಮೆಣಸು ಮಾರಿದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಒಂದನ್ನು ಎರಡು ಲೆನ್ಸಿನ ಜೊತೆ ಕೊಂಡಿದ್ದೆ. ಕ್ಯಾಮೆರಾದ ತಪ್ಪು ಏನೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಚಂದದ ಚರ್ಮದ ಬ್ಯಾಗಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟವಳು ನಾನು. ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಚರ್ಮದ ಬ್ಯಾಗ್ ಅಂದರೆ ಫಂಗಸ್‌ಗೆ ಊಟ ಹಾಕಿ ಮಲಗಿಸಿದ ಹಾಗೆ. ಅದು ಆಮೇಲೆ ತಿಳಿಯಿತು.

ಕೊಡಗಿನ ಕಕ್ಕಬ್ಬೆ ಹತ್ತಿರ ನಮ್ಮದು ಎರಡೇ ರೂಮಿನ ಹೋಂಸ್ಟೇ. ತೋಟ, ಹೊಳೆ, ದಾರಿ ಎಲ್ಲದರ ಫೋಟೊ ಮತ್ತು ಸಣ್ಣ ವಿಡಿಯೊ ಹಾಕಿದರೆ ಜನ ಬರುತ್ತಾರೆ. ನನಗೂ ಊರು ಸುತ್ತುವ ಹುಚ್ಚು. ಹಾಗಾಗಿ ಎರಡನೇ ಸಲ ಕ್ಯಾಮೆರಾ ಕೊಳ್ಳುವಾಗ ಸ್ವಲ್ಪ ತಲೆ ಓಡಿಸಿದೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದರೆ ಅವನದು ಒಂದೇ ಮಾತು. "ಚಿಕ್ಕಮ್ಮ, ಫುಲ್ ಫ್ರೇಮ್ ತಗೊಳ್ಳಿ. ಮತ್ತೆ ಯೋಚನೆನೇ ಇಲ್ಲ."

"ದುಡ್ಡು ನೀನು ಕೊಡ್ತೀಯೇನೋ?" ಅಂದೆ. ಅಲ್ಲಿಗೆ ಮಾತು ಊಟ ಆಯ್ತಾ ಅನ್ನುವ ಕಡೆ ತಿರುಗಿತು.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಅಂದರೆ ಕಾಫಿ ಒಣಗಿಸುವ ಕಣ ಇದ್ದ ಹಾಗೆ. ಕಣ ದೊಡ್ಡದಿದ್ದಷ್ಟು ಬೀಳುವ ಬಿಸಿಲು ಜಾಸ್ತಿ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಎಪಿಎಸ್-ಸಿ ಸುಮಾರು 23.5 × 15.6. ಮೈಕ್ರೋ ಫೋರ್ ಥರ್ಡ್ಸ್ 17.3 × 13, ಅಂದರೆ ಫುಲ್ ಫ್ರೇಮಿನ ಕಾಲು ಭಾಗದಷ್ಟು. 'ಒಂದು ಇಂಚು' ಅಂತ ಕರೆಯುವ ಸೆನ್ಸರ್ 13.2 × 8.8 ಮಾತ್ರ. ಹೆಸರಲ್ಲಿರುವ ಇಂಚು ಅದರ ಯಾವ ಮೂಲೆಯಲ್ಲೂ ಸಿಗುವುದಿಲ್ಲ! ಆದರೆ ಕಣ ದೊಡ್ಡದಾದರೆ ಗುಡಿಸುವ ಕೆಲಸವೂ ದೊಡ್ಡದು. ಸೆನ್ಸರ್ ದೊಡ್ಡದಾದರೆ ಲೆನ್ಸ್ ದಪ್ಪ, ತೂಕ ಜಾಸ್ತಿ, ರೇಟೂ ಜಾಸ್ತಿ.

ತೂಕದ ವಿಷಯ ನನಗೆ ತಡಿಯಂಡಮೋಳ್ ಕಲಿಸಿತ್ತು. 1,748 ಮೀಟರ್, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ. ನಾಲ್ಕುನಾಡು ಅರಮನೆ ಕಡೆಯಿಂದ ಹತ್ತುವುದು. ಹಳೇ ಕ್ಯಾಮೆರಾ ಬ್ಯಾಗನ್ನು ಹೊತ್ತು ಒಮ್ಮೆ ಹೊರಟವಳು, ಕೊನೆಯ ಕಡಿದಾದ ಏರಿಗೆ ಮೊದಲೇ ಅದನ್ನು ನಮ್ಮ ಮನೆಯವರ ಹೆಗಲಿಗೆ ದಾಟಿಸಿದೆ. ಮುಂದಿನ ಸಲ ಬ್ಯಾಗ್ ಜೀಪಿನಿಂದ ಇಳಿಯಲೇ ಇಲ್ಲ. ಮನೆಗೆ ಬಂದು ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಬಾಡಿ, ಎರಡು ಲೆನ್ಸ್, ಚಾರ್ಜರ್, ಬ್ಯಾಗ್ ಸೇರಿ ಎರಡು ಕೆಜಿ ಮುನ್ನೂರು ಗ್ರಾಂ. ಅವತ್ತೇ ನಿರ್ಧಾರ ಮಾಡಿದೆ. ಹೊಸದು ಏನೇ ಆಗಲಿ, ಎಲ್ಲ ಸೇರಿ ಒಂದು ಕೆಜಿ ದಾಟಬಾರದು.

ಆಮೇಲೆ ಮಾಡಿದ ಕೆಲಸ ಯಾರೂ ಹೇಳಿಕೊಟ್ಟಿದ್ದಲ್ಲ, ಆದರೆ ಅದರಷ್ಟು ಉಪಯೋಗ ಬೇರೆ ಯಾವುದರಿಂದಲೂ ಆಗಲಿಲ್ಲ. ಫೋನಿನಲ್ಲಿ ಹಿಂದಿನ ಒಂದು ವರ್ಷ ತೆಗೆದ ಫೋಟೊ, ವಿಡಿಯೊ ಎಲ್ಲ ಕೂತು ನೋಡಿದೆ. ಹಾಳಾದವನ್ನು ಮಾತ್ರ ಬೇರೆ ಇಟ್ಟೆ. ಬಿಸಿಲಲ್ಲಿ ತೆಗೆದದ್ದು ಒಂದೂ ಹಾಳಾಗಿರಲಿಲ್ಲ. ಹಾಳಾದದ್ದೆಲ್ಲ ಒಂದೇ ಜಾತಿ. ಮಳೆಗಾಲದ ಸಂಜೆ ಸಿಲ್ವರ್ ಮರದ ನೆರಳಲ್ಲಿ ತೆಗೆದದ್ದು, ನಡೆಯುತ್ತಾ ತೆಗೆದ ವಿಡಿಯೊ, ಗಾಳಿ ಬೊಬ್ಬೆ ಹೊಡೆದು ಮಾತೇ ಕೇಳದ ವಿಡಿಯೊ, ದೂರದ ಹಕ್ಕಿಯನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ಕೆಸರಾದದ್ದು. ಇದರಲ್ಲಿ ಮೆಗಾಪಿಕ್ಸೆಲ್ ಕಡಿಮೆಯಾಗಿ ಹಾಳಾದದ್ದು ಎಷ್ಟು? ಸೊನ್ನೆ.

ವರ್ಷಕ್ಕೆ ಎರಡು ಸಲ ಬಿಸಿಲಲ್ಲಿ ಟೂರ್ ಹೋಗುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಫೋನ್ ಸಾಕು. ನಿಜವಾಗಿ ಹೇಳುತ್ತಿದ್ದೇನೆ.

ಕೊಳ್ಳುವ ಮೊದಲು ಮೂರು ದಿನಕ್ಕೆ ಎರಡು ಕ್ಯಾಮೆರಾ ಬಾಡಿಗೆಗೆ ತರಿಸಿದೆ. ಒಂದು ಎಪಿಎಸ್-ಸಿ, ಒಳ್ಳೆಯ ಹೆಸರಿರುವುದು, ಆದರೆ ಬಾಡಿಯಲ್ಲಿ ಸ್ಟೆಬಿಲೈಸೇಶನ್, ಅಂದರೆ ನಡುಕ ತಡೆಯುವ ವ್ಯವಸ್ಥೆ, ಇಲ್ಲ. ಇನ್ನೊಂದು ಹಳೆಯ ಮೈಕ್ರೋ ಫೋರ್ ಥರ್ಡ್ಸ್, 16 ಮೆಗಾಪಿಕ್ಸೆಲ್ ಅಷ್ಟೆ, ಆದರೆ ಸೆನ್ಸರನ್ನೇ ಅಲುಗಿಸಿ ಕೈ ನಡುಕ ಸರಿಮಾಡುವ ವ್ಯವಸ್ಥೆ ಒಳಗಿದೆ. ಜುಲೈ ತಿಂಗಳು, ಸಂಜೆ ಐದು ಗಂಟೆ. ಎರಡರಲ್ಲೂ ಒಂದೇ ದಾರಿ ನಡೆದೆ. ಜಗಲಿಯಿಂದ ಇಳಿದು, ಕಣ ದಾಟಿ, ಕಾಫಿ ಗಿಡಗಳ ನಡುವಿನ ಇಳಿಜಾರಿನಲ್ಲಿ ಹೊಳೆಯವರೆಗೆ. ಬೂಟಿನ ಕೆಳಗೆ ಪಾಚಿ, ಕಾಲಿಗೆ ಜಿಗಣೆ, ಒಂದು ಕೈಯಲ್ಲಿ ಕೊಡೆ.

ರಾತ್ರಿ ಟಿವಿಗೆ ಹಾಕಿ ನೋಡಿದೆವು. ಮೊದಲನೆಯದರ ಬಣ್ಣ ಚಂದ, ಫೋಕಸ್ ಚುರುಕು. ಆದರೆ ನೋಡುತ್ತಾ ಕೂತರೆ ತಲೆ ತಿರುಗುತ್ತದೆ. ಸಾಫ್ಟ್‌ವೇರ್‌ನಿಂದ ನಡುಕ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿದ್ದೆ. ಅದು ಚಿತ್ರದ ಅಂಚನ್ನು ಕತ್ತರಿಸುತ್ತದೆ, ಇರಲಿ. ತೊಂದರೆ ಬೇರೆಯದು. ಕತ್ತಲಲ್ಲಿ ಶಟರ್ ನಿಧಾನ ಇಡಬೇಕು. ಹಾಗಾಗಿ ಒಂದೊಂದು ಫ್ರೇಮೂ ಮೊದಲೇ ಮಸುಕಾಗಿರುತ್ತದೆ. ಸಾಫ್ಟ್‌ವೇರ್ ಫ್ರೇಮನ್ನು ಜಾಗಕ್ಕೆ ಕೂರಿಸಬಹುದು, ಮಸುಕನ್ನು ಅಳಿಸಲಾರದು. ಎಲೆಗಳೆಲ್ಲ ನಿಂತಲ್ಲೇ ದೆವ್ವ ಹಿಡಿದಂತೆ ನಡುಗುತ್ತವೆ. ಎರಡನೆಯದರಲ್ಲಿ ಚಿತ್ರ ಸ್ವಲ್ಪ ಕಾಳುಕಾಳು, ಆದರೆ ದಾರಿ ದಾರಿಯ ಹಾಗೇ ಕಂಡಿತು. ನಮ್ಮ ಅತ್ತೆಗೆ ಕ್ಯಾಮೆರಾ ಗೊತ್ತಿಲ್ಲ. ಅವರು ಎರಡನೆಯದನ್ನು ನೋಡಿ, "ಆ ಕಡೆ ಬೇಲಿ ಬಿದ್ದಿದೆ ನೋಡು" ಅಂದರು. ನನಗೆ ಅಷ್ಟು ಸಾಕಾಯಿತು.

ಅದೇ ಮಾಡೆಲ್ ಸೆಕೆಂಡ್ ಹ್ಯಾಂಡ್ ಹುಡುಕಿ ತೆಗೆದುಕೊಂಡೆ. ಪ್ಯಾನಸೋನಿಕ್ ಲೂಮಿಕ್ಸ್ ಜಿ85. 2016ರ ಕ್ಯಾಮೆರಾ. ಬ್ಯಾಟರಿ ಸೇರಿ 505 ಗ್ರಾಂ. ಜೊತೆಗೆ 12-60 ಮಿ.ಮೀ. ಲೆನ್ಸ್, 210 ಗ್ರಾಂ. ಫುಲ್ ಫ್ರೇಮ್ ಲೆಕ್ಕದಲ್ಲಿ ಅದು 24-120, ಅಂದರೆ ಅರಮನೆಯ ಜಗಲಿ ಪೂರ್ತಿ ಹಿಡಿಯುವಷ್ಟು ಅಗಲ, ಹೊಳೆಯಾಚೆಯ ಮನೆ ಹಿಡಿಯುವಷ್ಟು ದೂರ. ಬಾಡಿಗೂ ಲೆನ್ಸಿಗೂ ನೀರಿನ ಹನಿ, ಧೂಳು ತಡೆಯುವ ಸೀಲ್ ಇದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಬಾಡಿಯಲ್ಲಿ ಸೀಲ್ ಇದ್ದು ಲೆನ್ಸಿನಲ್ಲಿ ಇಲ್ಲದಿದ್ದರೆ ನೀರು ಲೆನ್ಸ್ ಕೂರುವ ಮೌಂಟಿನ ಸಂದಿಯಿಂದ ಇಳಿಯುತ್ತದೆ. ಎರಡಕ್ಕೂ ಇದ್ದರೂ ಅದು ಜಿಟಿಜಿಟಿ ಮಳೆಗೆ ಮಾತ್ರ, ಆಷಾಢದ ಮಳೆಗಲ್ಲ. ಕೊಡೆ ಹಿಡಿಯಲೇಬೇಕು.

ನಾನು ತೆಗೆದುಕೊಂಡದ್ದನ್ನೇ ಎಲ್ಲರೂ ತೆಗೆದುಕೊಳ್ಳಬೇಕು ಅಂತೇನಿಲ್ಲ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ 2022ರ ಕ್ಯಾನನ್ ಆರ್7, 2023ರ ಸೋನಿ ಎ6700 ಇವೆ. ಎರಡೂ ಎಪಿಎಸ್-ಸಿ, ಎರಡರಲ್ಲೂ ಬಾಡಿಯಲ್ಲೇ ಸ್ಟೆಬಿಲೈಸೇಶನ್ ಇದೆ. ಓಡಾಡುವ ಮಕ್ಕಳು, ಹಕ್ಕಿ ಹಿಡಿಯುವುದಾದರೆ ಅವುಗಳ ಆಟೋಫೋಕಸ್ ಮುಂದೆ ನನ್ನದು ಎತ್ತಿನ ಗಾಡಿ. ಲೂಮಿಕ್ಸ್‌ನಲ್ಲಿ ಫೇಸ್ ಡಿಟೆಕ್ಷನ್ (phase, ಮುಖದ face ಅಲ್ಲ) ಅನ್ನುವ ಚುರುಕಾದ ಫೋಕಸ್ ಬಂದದ್ದೇ 2023ರಲ್ಲಿ. ವಿಡಿಯೊ ಮಾತ್ರ ಸಾಕು ಅನ್ನುವವರಿಗೆ ಡಿಜೆಐ ಓಸ್ಮೊ ಪಾಕೆಟ್ 3 ಚೆನ್ನಾಗಿದೆ. 179 ಗ್ರಾಂ, ಒಂದು ಇಂಚಿನ ಸೆನ್ಸರ್, ಮೂತಿಯಲ್ಲೇ ನಡುಕ ತಡೆಯುವ ಗಿಂಬಲ್. ನಮ್ಮಲ್ಲಿ ಉಳಿದುಕೊಂಡ ಒಬ್ಬರು ಅದನ್ನು ಹಿಡಿದು ಚೇಲಾವರ ಜಲಪಾತಕ್ಕೆ ಹೋಗಿ ಬಂದು ತೋರಿಸಿದರು. ನೀರಿನ ಮೇಲೆ ತೇಲಿಕೊಂಡು ಹೋದಂತೆ ಇತ್ತು. ಹೊಟ್ಟೆಕಿಚ್ಚಾಯಿತು. ಆದರೆ ಜೂಮ್ ಲೆನ್ಸ್ ಇಲ್ಲ, ಫೋಟೊಗೆ ಅಷ್ಟಕ್ಕಷ್ಟೆ, ಮಳೆಗೆ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟಾರ್ಚ್ ಪರೀಕ್ಷೆ ಬಿಡಬೇಡಿ. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದಿರಬೇಕು. ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ತಿರುಗಿಸುತ್ತಾ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಎಳೆ ಎಳೆಯಾಗಿ ಏನಾದರೂ ಕಂಡರೆ ಬೇಡ. ನನಗೆ ತೋರಿಸಿದ ಮೊದಲ ಲೆನ್ಸನ್ನು ಹೀಗೇ ವಾಪಸ್ ಕೊಟ್ಟೆ. ಮಾರುವವರು, "ಮೇಡಂ, ಅದು ಫೋಟೊದಲ್ಲಿ ಕಾಣಲ್ಲ" ಅಂದರು. ಇವತ್ತು ಕಾಣುವುದಿಲ್ಲ, ಸರಿ. ನಮ್ಮೂರಿನಲ್ಲಿ ಒಂದು ಮಳೆಗಾಲ ಕಳೆದರೆ?

ತಂದ ಮೇಲೆ ಇಡುವ ಜಾಗ. ಅತ್ತೆ ಒಲೆಯ ಮೇಲಿನ ಅಟ್ಟದಲ್ಲಿ ಇಡು, ಅಲ್ಲಿ ಏನೂ ಕೆಡುವುದಿಲ್ಲ ಅಂದರು. ಅದು ನಿಜ, ಆದರೆ ಹೊಗೆಯಲ್ಲಿ ಕ್ಯಾಮೆರಾ ಒಣಮಾಂಸ ಆಗಿಬಿಡುತ್ತದೆ. ನಾನು ಮಾಡಿದ್ದು ಇಷ್ಟೆ. ಅಡುಗೆಮನೆಗೆ ಬಳಸುವ, ರಬ್ಬರ್ ಸುತ್ತಿರುವ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್, ಮತ್ತೆ ತೇವಾಂಶ ತೋರಿಸುವ ಸಣ್ಣ ಮೀಟರ್. ಮೀಟರ್ ಶೇಕಡಾ 40ರಿಂದ 50ರ ನಡುವೆ ಇರಬೇಕು. ಮೊದಲ ದಿನ ಡಬ್ಬಿಯ ಹೊರಗೆ ಇಟ್ಟು ನೋಡಿದೆ, 90 ದಾಟಿತ್ತು! ನೀಲಿ ಸಿಲಿಕಾ ಜೆಲ್ ನೀರು ಕುಡಿದರೆ ಗುಲಾಬಿ ಆಗುತ್ತದೆ. ಬಿಸಿ ಮಾಡಿದರೆ ಮತ್ತೆ ನೀಲಿ. ಜುಲೈನಲ್ಲಿ ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇದೆ. ಹಳೇ ಬಾಣಲೆ ಒಂದನ್ನು ಅದಕ್ಕೇ ಬಿಟ್ಟಿದ್ದೇನೆ, ಅಡುಗೆಗೆ ಬಳಸುವುದಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿಗೆ ಬರುವವರಿಗೆ. ಎಸಿ ಕಾರಿನಿಂದ ಇಳಿದ ತಕ್ಷಣ ಕ್ಯಾಮೆರಾ ಹೊರಗೆ ತೆಗೆದರೆ ಲೆನ್ಸ್ ಮೇಲೆ ಆವಿ ಕೂರುತ್ತದೆ. ಎಷ್ಟೋ ಜನ ಅದನ್ನೇ ಮಂಜು ಅಂದುಕೊಂಡು ಫೋಟೊ ತೆಗೆಯುತ್ತಾರೆ. ಬ್ಯಾಗಿನಲ್ಲೇ ಇಪ್ಪತ್ತು ನಿಮಿಷ ಬಿಡಿ, ಅಷ್ಟರಲ್ಲಿ ಒಂದು ಕಾಫಿ ಕುಡಿಯಿರಿ.

ನಿಜವಾದ ಮಂಜಿನದು ಬೇರೆ ಕತೆ. ಮಾಂದಲ್‌ಪಟ್ಟಿಯಲ್ಲಿ ಯಾವ ಕ್ಯಾಮೆರಾದ ಆಟೋಫೋಕಸ್ ಆದರೂ ತಡಕಾಡುತ್ತದೆ, ಹಿಡಿಯಲು ಒಂದು ಗೆರೆಯೂ ಇರುವುದಿಲ್ಲವಲ್ಲ. ಫೋಕಸ್ ಕೈಯಲ್ಲೇ ಮಾಡಿ. ಕ್ಯಾಮೆರಾ ಬಿಳಿಯನ್ನು ಕಂಡರೆ ಹೆದರಿ ಬೂದಿ ಬಣ್ಣ ಮಾಡುತ್ತದೆ, ಹಾಗಾಗಿ ಬೆಳಕು ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಸೆಟ್ಟಿಂಗನ್ನು +1ರ ಹತ್ತಿರ ಇಡುತ್ತೇನೆ. ಕಾಫಿ ಹೂವಿಗೆ ಇದರ ಉಲ್ಟಾ. ಹೂಮಳೆ ಬಿದ್ದು ಒಂದೊಂದೂವರೆ ವಾರಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನ ಅಷ್ಟೆ. ಕಡುಹಸಿರು ಎಲೆಯ ಎದುರು ಬಿಳಿ ಹೂವು. ಕ್ಯಾಮೆರಾ ಎಲೆ ನೋಡಿ ಬೆಳಕು ಏರಿಸುತ್ತದೆ, ಹೂವು ಸುಣ್ಣ ಬಳಿದ ಹಾಗೆ ಆಗುತ್ತದೆ. ಅಲ್ಲಿ -0.7.

ಸಣ್ಣ ವಿಡಿಯೊಗಳನ್ನು ಈಗ ಎಲ್ಲರೂ ಫೋನ್ ನೆಟ್ಟಗೆ ಹಿಡಿದು ನೋಡುತ್ತಾರೆ. ನಾನು ಕ್ಯಾಮೆರಾ ಅಡ್ಡ ಹಿಡಿದೇ 4ಕೆಯಲ್ಲಿ ತೆಗೆಯುತ್ತೇನೆ. ಅದರ ಎತ್ತರ 2160 ಪಿಕ್ಸೆಲ್. ನಡುವಿನಿಂದ ನೆಟ್ಟಗೆ ಒಂದು ಪಟ್ಟಿ ಕತ್ತರಿಸಿದರೂ 1215 ಅಗಲ ಸಿಗುತ್ತದೆ, ಫೋನಿಗೆ ಬೇಕಾದ್ದು 1080. ಅಡ್ಡದ್ದು ಟಿವಿಗೆ, ನೆಟ್ಟಗಿದ್ದದ್ದು ಫೋನಿಗೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ನಿಮಿಷಕ್ಕೆ 750 ಎಂಬಿ ತಿನ್ನುತ್ತದೆ, ಹಾಗಾಗಿ 64 ಜಿಬಿ ಕಾರ್ಡ್ ಎರಡು ಇಟ್ಟುಕೊಂಡಿದ್ದೇನೆ, ವಿ30 ಅನ್ನುವ ವೇಗದ ಗುರುತು ಇರುವುದು. ಮನೆಯೊಳಗೆ ಲೈಟ್ ಮಿಣುಕಿದರೆ ಶಟರ್ 1/50 ಅಥವಾ 1/100 ಮಾಡಿ. ನಮ್ಮ ಕರೆಂಟ್ 50 ಹರ್ಟ್ಸ್, ಅದಕ್ಕೆ. ಮೈಕ್ ಹಾಕುವ ತೂತು ಇರುವ ಕ್ಯಾಮೆರಾವನ್ನೇ ಕೊಳ್ಳಿ, ಮೈಕಿಗೆ ತುಪ್ಪಳದ ಟೋಪಿ ಹಾಕಿ. ಗಾಳಿಗೆ ಬೇರೆ ಮದ್ದಿಲ್ಲ.

ಈ ಕ್ಯಾಮೆರಾಕ್ಕೆ ಸೋಲು ಎಲ್ಲಿ ಅಂತ ನನಗೆ ಮೊದಲೇ ಗೊತ್ತಿತ್ತು. ರಾತ್ರಿ. ಸಣ್ಣ ಕಣದಲ್ಲಿ ರಾತ್ರಿ ಬೆಳದಿಂಗಳು ಎಷ್ಟು ಬೀಳಬೇಕು? ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು, ಅಂದರೆ ಭತ್ತದ ತೆನೆ, ತೆಗೆಯುವುದು ಹುಣ್ಣಿಮೆಯ ಆಸುಪಾಸಿನ ರಾತ್ರಿ, ಗದ್ದೆಯಲ್ಲಿ. ಅದಕ್ಕೆಂದೇ 25 ಮಿ.ಮೀ. ಎಫ್/1.7 ಲೆನ್ಸ್ ಒಂದು ತೆಗೆದುಕೊಂಡೆ. 125 ಗ್ರಾಂ. 12-60 ಲೆನ್ಸಿಗಿಂತ ಆರೇಳು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸೀಲ್ ಇಲ್ಲ, ಆದರೆ ಹುತ್ತರಿ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಇಷ್ಟೆಲ್ಲ ಸೇರಿಸಿ ತಕ್ಕಡಿಗೆ ಇಟ್ಟರೆ, ಇನ್ನೊಂದು ಬ್ಯಾಟರಿಯೂ ಸೇರಿ, 900 ಗ್ರಾಂ ಚಿಲ್ಲರೆ.

ಕಳೆದ ಹುತ್ತರಿಗೆ ಗದ್ದೆಗೆ ಇಳಿದೆ. ಟಾರ್ಚಿನ ಬೆಳಕು ಮುಖಗಳ ಮೇಲೆ, ಗಂಡಸರು ತೊಡುವ ಕಪ್ಪು ನಿಲುವಂಗಿ ಕುಪ್ಯ, ಸೊಂಟದಲ್ಲಿ ಸಿಕ್ಕಿಸಿದ ಸಣ್ಣ ಪೀಚೆಕತ್ತಿಯ ಬೆಳ್ಳಿ ಮಾತ್ರ ಮಿಂಚುತ್ತಿತ್ತು. ಚಿತ್ರ ಪರವಾಗಿಲ್ಲ, ನೆರಳಿನಲ್ಲಿ ಕಾಳುಕಾಳು, ಮುಖಗಳು ಚೆನ್ನಾಗಿ ಬಂದವು. ಎಡವಟ್ಟು ಮಾಡಿದ್ದು ಶಬ್ದದಲ್ಲಿ. ದುಡಿ ಅನ್ನುವ ಸಣ್ಣ ವಾದ್ಯದ ಸದ್ದಿಗೆ ಅಂತ ಮೈಕಿನ ಮಟ್ಟ ಏರಿಸಿಟ್ಟಿದ್ದೆ. ಕದಿರು ಕೊಯ್ಯುವಾಗ ಕೋವಿ ಹಾರಿಸುತ್ತಾರೆ ಅನ್ನುವುದು ಹುಟ್ಟಿದಾಗಿನಿಂದ ಗೊತ್ತು, ಆ ಹೊತ್ತಿಗೆ ನೆನಪಾಗಲಿಲ್ಲ. "ಪೊಲಿ ಪೊಲಿ ದೇವಾ" ಅನ್ನುವ ಕೂಗು, ಅದರ ಮೇಲೆ ಢಂ, ಆಮೇಲೆ ಬರೀ ಚರಚರ. ಈ ಸಲ ಮಟ್ಟ ಇಳಿಸಿ, ಫೋನಿನಲ್ಲೂ ಬೇರೆಯಾಗಿ ಶಬ್ದ ರೆಕಾರ್ಡ್ ಮಾಡುವುದು ಅಂತ ಡಬ್ಬಿಯ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದು ಅಂಟಿಸಿದ್ದೇನೆ.