ಆರು ಸೆಕೆಂಡಿನಲ್ಲಿ ಅರಳುವ ಕಾಫಿ ಹೂ

ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮ ದೊಡ್ಡಮ್ಮನ ಮಗಳ ತೋಟವಿದೆ. ಇಷ್ಟು ವರ್ಷ ರೋಬಸ್ಟಾ ಕಾಫಿ ಒಣಗಿಸಿ ವ್ಯಾಪಾರಿಗೆ ಹಾಕುತ್ತಿದ್ದ ಅಕ್ಕ, ಈ ಸಲ ತಾನೇ ಹುರಿದು, ಪುಡಿ ಮಾಡಿ ಮಾರಲು ಹೊರಟಳು. ಫೆಬ್ರವರಿಯಲ್ಲಿ ಫೋನ್ ಬಂತು. "ಯುಗಾದಿಗೆ ಶುರು ಮಾಡ್ತೇನೆ ಮಾರಾಯ. ಅದಕ್ಕೆ ಮೊದಲು ಏನೋ ಬರ್ತಾ ಉಂಟು ಅಂತ ಜನಕ್ಕೆ ಗೊತ್ತಾಗ್ಬೇಕು. ಐದು ಸಾವಿರದಲ್ಲಿ ಆಗ್ತದಾ?"

ಆಗುತ್ತದೆ ಅಂದೆ. ಒಂದೇ ವೆಬ್ ಪುಟ, ಒಂದೇ ದೃಶ್ಯ. ಒಣಗಿದ ಕೊಂಬೆಯ ಮೇಲೆ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬೀಳುತ್ತದೆ, ಮೊಗ್ಗು ಬಿಳಿ ಹೂವಾಗುತ್ತದೆ, ಕೆಳಗೆ "ಇನ್ನೇನು ಅರಳುತ್ತೆ" ಅಂತ ಬರುತ್ತದೆ. ತೋಟದಲ್ಲಿ ಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಆಗುವುದನ್ನು ಆರು ಸೆಕೆಂಡಿನಲ್ಲಿ ತೋರಿಸಬೇಕಿತ್ತು.

ಮೊದಲ ತಪ್ಪು ವಿಡಿಯೋ ಮಾಡಿದ್ದು. ಗೋಣಿಕೊಪ್ಪದಲ್ಲಿ ನನ್ನ ವೈಫೈಗೆ ಸಲೀಸಾಗಿ ಓಡಿತು. ಫೈಲು ಒಂಬತ್ತು ಎಂಬಿ. ಅಕ್ಕನ ತೋಟದಲ್ಲಿ ಸಿಗ್ನಲ್ ಬರುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ತೆರೆದರೆ ಸುತ್ತುವ ಚಕ್ರ ಬಿಟ್ಟು ಬೇರೇನೂ ಕಾಣಲಿಲ್ಲ. ಕೊಡಗಿನಲ್ಲಿ ಪುಟ ನೋಡುವವರು ಜಾಸ್ತಿ ಇಂಥ ಮೂಲೆಗಳಲ್ಲೇ ಇರುತ್ತಾರೆ. ಅವತ್ತೇ ವಿಡಿಯೋ ಬಿಟ್ಟು ಎಸ್‌ವಿಜಿಗೆ ಬಂದೆ. ಅದರಲ್ಲಿ ಚಿತ್ರ ಅಂದರೆ ಗೆರೆಗಳ ಲೆಕ್ಕ ಅಷ್ಟೆ, ಹಾಗಾಗಿ ತೂಕ ತೀರಾ ಕಡಿಮೆ. ಕೊನೆಗೆ ಇಡೀ ಪುಟ 120 ಕೆಬಿ ಒಳಗೇ ನಿಂತಿತು.

ಚಿತ್ರವನ್ನು ಕಾಗದದಲ್ಲಿ ಬರೆದು, ಫೋನಿನಲ್ಲಿ ಫೋಟೋ ತೆಗೆದು, ಇಂಕ್‌ಸ್ಕೇಪ್‌ನಲ್ಲಿ ಅದರ ಮೇಲೆ ಗೆರೆ ಎಳೆದೆ. ಇಂಕ್‌ಸ್ಕೇಪ್ ಇಂಥ ಗೆರೆ ಚಿತ್ರ ಬರೆಯುವ ಸಾಫ್ಟ್‌ವೇರ್, ಪುಕ್ಕಟೆ. ಅಕ್ಕನಿಗೆ ತೋರಿಸಿದರೆ ಒಂದೇ ನೋಟಕ್ಕೆ, "ಇದು ಕಾಫಿ ಗಿಡ ಅಲ್ಲ" ಅಂದಳು. ನಾನು ಹೂವನ್ನು ಕೊಂಬೆಯ ತುದಿಯಲ್ಲಿ ಇಟ್ಟಿದ್ದೆ. ಕಾಫಿ ಹೂ ಬರುವುದು ಗೆಣ್ಣು ಗೆಣ್ಣಿಗೆ, ಎಲೆಯ ಬುಡದಲ್ಲಿ, ಗೊಂಚಲಾಗಿ. ಅರಳುವ ಮೊದಲು ಮೊಗ್ಗು ಮೊಂಬತ್ತಿಯ ಹಾಗೆ ನೆಟ್ಟಗೆ ನಿಂತಿರುತ್ತದೆ. ತೋಟಕ್ಕೆ ಕರೆದುಕೊಂಡು ಹೋಗಿ ತೋರಿಸಿದಳು. ಪೂರ್ತಿ ಹೊಸದಾಗಿ ಬರೆದೆ. ಎರಡು ದಿನ ಹೋಯಿತು, ಆದರೆ ಕಾಫಿ ಬೆಳೆಯುವವರು ನೋಡುವ ಪುಟದಲ್ಲಿ ಇದು ತಪ್ಪಾದರೆ ಉಳಿದದ್ದೆಲ್ಲ ದಂಡ.

ಕೊಂಬೆ ತಾನೇ ಬರೆದುಕೊಳ್ಳುವ ಹಾಗೆ ಮಾಡುವುದು ಸುಲಭ. ಗೆರೆ ಎಷ್ಟು ಉದ್ದವೋ ಅಷ್ಟೇ ಉದ್ದದ ಒಂದು ಡ್ಯಾಶ್ ಕೊಟ್ಟು, ಅದನ್ನು ಪೂರ್ತಿ ಆಚೆ ಸರಿಸಿಟ್ಟು, ಪುಟದ ರೂಪ, ಚಲನೆ ಹೇಳುವ ಸಿಎಸ್‌ಎಸ್ ಕೋಡಿನಿಂದ ನಿಧಾನವಾಗಿ ಒಳಗೆ ತಂದರೆ ಆಯಿತು.

ಹೂವೇ ಕಾಡಿದ್ದು. ಪ್ರತಿ ಹೂವನ್ನೂ ಸೊನ್ನೆಯಿಂದ ದೊಡ್ಡದು ಮಾಡಿದೆ. ನೋಡಿದರೆ ಎಲ್ಲಾ ಹೂವೂ ಪರದೆಯ ಎಡಗಡೆ ಮೇಲಿನ ಮೂಲೆಯಿಂದ ಹಾರಿ ಬಂದು ಕೊಂಬೆಗೆ ಅಂಟಿಕೊಳ್ಳುತ್ತಿದ್ದವು! ಎಸ್‌ವಿಜಿಯಲ್ಲಿ ಹಿಗ್ಗುವ ಕೇಂದ್ರ ಸುಮ್ನೆ ಬಿಟ್ಟರೆ ಇಡೀ ಚಿತ್ರದ ಮೂಲೆಯಾಗಿರುತ್ತದೆ, ಹೂವಿನ ಮಧ್ಯ ಅಲ್ಲ. ಟ್ರಾನ್ಸ್‌ಫಾರ್ಮ್-ಬಾಕ್ಸ್‌ಗೆ ಫಿಲ್-ಬಾಕ್ಸ್, ಟ್ರಾನ್ಸ್‌ಫಾರ್ಮ್-ಒರಿಜಿನ್‌ಗೆ ಸೆಂಟರ್ ಅಂತ ಎರಡು ಸಾಲು ಬರೆದ ಮೇಲೆ ಹೂ ಇದ್ದಲ್ಲೇ ಅರಳಿತು. ಆಮೇಲೂ ಯಾಕೋ ಸರಿ ಕಾಣಲಿಲ್ಲ. ಒಂದಾದ ಮೇಲೊಂದು ಸಮ ಅಂತರದಲ್ಲಿ ಅರಳುತ್ತಿದ್ದವು, ಸೀರಿಯಲ್ ಲೈಟ್ ಹಾಗೆ. ಗೊಂಚಲಿಗೊಂದು ಬೇರೆ ಬೇರೆ ತಡ ಕೊಟ್ಟೆ. ಎರಡು ಜೊತೆಯಲ್ಲಿ, ಒಂದು ಸ್ವಲ್ಪ ಹಿಂದೆ, ಒಂದು ಕೊನೆಗೆ. ಆಗ ಜೀವ ಬಂತು.

ದೃಶ್ಯದಲ್ಲಿ ಮಂಜೂ ಇತ್ತು, ಅದಕ್ಕೆ ಮಸುಕು ಮಾಡುವ ಬ್ಲರ್ ಫಿಲ್ಟರ್ ಹಾಕಿದ್ದೆ. ಅಕ್ಕನ ಹಳೇ ಫೋನು ಬಿಸಿಯಾಗಿ ತಡವರಿಸಿತು. ಬ್ಲರ್ ತೆಗೆದು, ಅಂಚು ಮಸುಕಾದ ಒಂದು ಸಣ್ಣ ಚಿತ್ರವನ್ನು ಅಡ್ಡಡ್ಡ ಜರುಗಿಸಿದೆ. ಚಲಿಸುವುದಕ್ಕೆ ಟ್ರಾನ್ಸ್‌ಫಾರ್ಮ್, ಮೂಡಿ ಮಾಯವಾಗುವುದಕ್ಕೆ ಒಪ್ಯಾಸಿಟಿ, ಇವೆರಡು ಬಿಟ್ಟು ಬೇರೆ ಯಾವುದನ್ನೂ ಮಂಜಿಗೂ ಹೂವಿಗೂ ಮುಟ್ಟಲಿಲ್ಲ. ಜಾಗ ಹೇಳುವ ಟಾಪ್, ಅಗಲ ಹೇಳುವ ವಿಡ್ತ್ ಬದಲಾಯಿಸಿದರೆ ಬ್ರೌಸರ್ ಪ್ರತಿ ಸಲ ಪುಟದ ಜೋಡಣೆಯನ್ನೇ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಬಡ ಫೋನಿಗೆ ಅದು ಭಾರ.

ಇನ್ನು ಅಕ್ಷರ. ಕನ್ನಡದಲ್ಲಿ ಇಂಥದ್ದು ಮಾಡುವವರು ಇದನ್ನು ಗಮನಿಸಲೇಬೇಕು. ಸಾಲನ್ನು ಒಂದೊಂದೇ ಅಕ್ಷರವಾಗಿ ತರೋಣ ಅಂತ, ಇಂಗ್ಲಿಷಿಗೆ ಬಳಸುವ ಕೋಡನ್ನೇ ಹಾಕಿದೆ. ಅದು "ಇನ್ನೇನು" ಎಂಬ ಪದವನ್ನು ಏಳು ಚೂರು ಮಾಡಿತು. ಒತ್ತಕ್ಷರ ಬಿಚ್ಚಿಹೋಯಿತು, ಏತ್ವ ಚುಕ್ಕಿಯ ವೃತ್ತಕ್ಕೆ ನೇತುಬಿದ್ದಿತು. ನಮ್ಮ ಲೆಕ್ಕದಲ್ಲಿ ಅದು ಮೂರೇ ಅಕ್ಷರ ಅಲ್ವಾ: ಇ, ನ್ನೇ, ನು. ಕಂಪ್ಯೂಟರಿಗೆ ಕಾಗುಣಿತದ ಗುರುತೂ ಬೇರೆ, ಒತ್ತಿನ ಗುರುತೂ ಬೇರೆ. ಕೊನೆಗೆ ನೋಟೋ ಸಾನ್ಸ್ ಕನ್ನಡ ಎಂಬ ಫಾಂಟಿನಲ್ಲಿ ಸಾಲು ಬರೆದು, ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಗೆರೆಗಳಾಗಿ ಬದಲಾಯಿಸಿ, ಒತ್ತನ್ನು ಅದರ ಅಕ್ಷರದ ಜೊತೆ ಕೈಯಾರೆ ಗುಂಪು ಮಾಡಿದೆ. "ಇನ್ನೇನು ಅರಳುತ್ತೆ" ಅಂದರೆ ಏಳು ಗುಂಪು. ಇದರಿಂದ ಫಾಂಟ್ ಫೈಲ್ ಕಳಿಸುವ ಕೆಲಸವೂ ತಪ್ಪಿತು. ಆದರೆ ಗೆರೆಯಾದ ಅಕ್ಷರವನ್ನು ಕಣ್ಣು ಕಾಣದವರ ಫೋನು ಓದುವುದಿಲ್ಲ. ಅದಕ್ಕೆ ಅದೇ ಸಾಲನ್ನು, ಫೋನು ಓದಿ ಹೇಳಲೆಂದೇ ಕೋಡಿನಲ್ಲಿ ಇರುವ ಏರಿಯಾ-ಲೇಬಲ್‌ನಲ್ಲಿ ಬರೆದಿಟ್ಟೆ. ಚಲನೆ ಬೇಡ ಅಂತ ಫೋನಿನಲ್ಲಿ ಸೆಟ್ ಮಾಡಿಕೊಂಡವರಿಗೆ ಅರಳಿದ ಕೊಂಬೆ ನೇರವಾಗಿ ಕಾಣುತ್ತದೆ.

ಅಕ್ಕನಿಗೆ ದಿನ ಎಣಿಸುವ ಗಡಿಯಾರ ಬೇಕಿತ್ತು. ನಾನು ಒಪ್ಪಲಿಲ್ಲ. ಹುರಿಯುವ ಯಂತ್ರ ಇನ್ನೂ ಬಂದಿರಲಿಲ್ಲ, ಗಡಿಯಾರ ಸೊನ್ನೆಗೆ ಬಂದಾಗ ಪುಡಿ ಇಲ್ಲದಿದ್ದರೆ? ಅದರ ಬದಲು ಒಂದು ವಾಟ್ಸಾಪ್ ಗುಂಡಿ ಇಟ್ಟೆ. ಒತ್ತಿದರೆ "ಕಾಫಿ ಪುಡಿ ಬಂದಾಗ ತಿಳಿಸಿ" ಎಂಬ ಮಾತು ಬರೆದೇ ಇರುತ್ತದೆ, ಕಳಿಸಿದರೆ ಸಾಕು. ಈ ಗುಂಡಿ ಅನಿಮೇಷನ್ ಮುಗಿಯಲಿ ಅಂತ ಕಾಯುವುದಿಲ್ಲ, ಮೊದಲಿನಿಂದಲೇ ಕಾಣುತ್ತದೆ.

ಲಿಂಕ್ ಹಂಚಿದಾಗ ವಾಟ್ಸಾಪ್‌ನಲ್ಲಿ ಕಾಣುವುದು ನಿಂತ ಚಿತ್ರ ಮಾತ್ರ. ಹಾಗಾಗಿ ಹೂ ಪೂರ್ತಿ ಅರಳಿದ ಒಂದು ಚಿತ್ರವನ್ನು 1200ಕ್ಕೆ 630 ಅಳತೆಯಲ್ಲಿ ಬೇರೆಯೇ ಮಾಡಿಟ್ಟೆ. ತುಂಬಾ ಜನ ಒತ್ತಿದ್ದು ಆ ಚಿತ್ರ ನೋಡಿಯೇ.

ಖರ್ಚು ಹೇಳುತ್ತೇನೆ. ಡಾಟ್ ಇನ್ ಎಂದು ಕೊನೆಯಾಗುವ ಪುಟದ ವಿಳಾಸಕ್ಕೆ ವರ್ಷಕ್ಕೆ 700 ರೂಪಾಯಿ ಹತ್ತಿರ ಆಯಿತು. ಕೊಳ್ಳುವಾಗ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ಎರಡನೇ ವರ್ಷದ ದರ ನೋಡಿ. ಪುಟ ಇಟ್ಟಿದ್ದು ವೆಬ್ ಪುಟಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ, ಅದಕ್ಕೆ ದುಡ್ಡಿಲ್ಲ. ಅಂಗಡಿಗಳಲ್ಲಿ ಇಡಲು ಕ್ಯೂಆರ್ ಕಾರ್ಡ್ ಅಚ್ಚು ಹಾಕಿಸಿದ್ದು 1,200. ಮಿಕ್ಕಿದ್ದು ನನ್ನ ಕೂಲಿ. ಹನ್ನೊಂದು ದಿನದ ಸಂಜೆಗಳಿಗೆ ಅದು ಕಡಿಮೆಯೇ, ಹೊರಗಿನವರಿಗಾದರೆ ಈ ದರಕ್ಕೆ ಒಪ್ಪುವುದಿಲ್ಲ.

ಯುಗಾದಿ ಬೆಳಿಗ್ಗೆ ಆ ಏಳು ಅಕ್ಷರ ತೆಗೆದು, ಪ್ಯಾಕೆಟ್ಟಿನ ಬೆಲೆ ಹಾಕಿದೆ. ಕೊಂಬೆ, ಹೂ ಹಾಗೇ ಇವೆ. ಕಾಫಿ ಕೊಯ್ಲಿನ ಹೊತ್ತಿಗೆ ಹೂವಿನ ಜಾಗದಲ್ಲಿ ಕೆಂಪು ಹಣ್ಣು ಬರಬೇಕು ಅಂತ ಅಕ್ಕ ಈಗಲೇ ಹೇಳಿಟ್ಟಿದ್ದಾಳೆ.